ಮೈಕಕ್ಕನ ಕೆಮ್ಮು

ಬಸ್ ನಿಲ್ದಾಣದಲ್ಲಿ ಪ್ರಕಟಣೆ ಓದುತ್ತಿದ್ದ ಆ ಹೆಂಗಸನ್ನು ಎಲ್ಲರೂ ಮೈಕಕ್ಕ ಅನ್ನುತ್ತಿದ್ದರು. ಮುಖ ನೋಡಿದವರು ಕಡಿಮೆ, ದನಿ ಕೇಳದವರಿಲ್ಲ. ಟಿಕೆಟ್ ಕೌಂಟರಿನ ಮೇಲಿನ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾರ ಮಗು ಕೈತಪ್ಪಿದೆ ಎಂದು ಅವಳು ಹೇಳುವ ರೀತಿಗೆ ಬಸ್ಸು ತಪ್ಪಿಸಿಕೊಂಡವರ ಸಿಟ್ಟೂ ಅರ್ಧ ಇಳಿಯುತ್ತಿತ್ತು.

ಹೊಸ ಪ್ಲಾಟ್‌ಫಾರ್ಮ್ ಉದ್ಘಾಟನೆಗೆ ಸಚಿವರು ಬಂದ ದಿನ ಮೇಲಧಿಕಾರಿ ಒಂದು ಚೀಟಿ ಕೊಟ್ಟು ಓದಿಸಿದ. "ಮಾನ್ಯ ಸಚಿವರ ದೂರದೃಷ್ಟಿಯ ಫಲವಾಗಿ" ಅನ್ನುವಷ್ಟರಲ್ಲಿ ಗಂಟಲು ಕೆರೆದು ಕೆಮ್ಮು ಬಂತು. ಒಣ ಕೆಮ್ಮು. ಕೊನೆಗೊಂದು ಕೀರಲು ದನಿ, ಥೇಟ್ ನಗು ತಡೆದುಕೊಂಡ ಹಾಗೆ. ಕೆಳಗೆ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡರು.

ವಾರ ಕಳೆಯುವುದರೊಳಗೆ ಊರಿಗೆ ಊರೇ ಕೆಮ್ಮತೊಡಗಿತು. ಮೊಬೈಲಿನ ವಿಡಿಯೊಗಳಲ್ಲಿ ಮದುವೆ ಗಂಡು ಸಂಬಳ ಹೇಳಿದರೆ ಹಿಂದೆ ಮೈಕಕ್ಕನ ಕೆಮ್ಮು, ಸೊಂಟ ಕರಗಿಸುವ ಪುಡಿಯ ಜಾಹೀರಾತಿಗೆ ಕೆಮ್ಮು, ತೂಕಡಿಸುವ ಬೆಕ್ಕಿಗೂ ಕೆಮ್ಮು. ವಿರೋಧ ಪಕ್ಷದವರು ಅದಕ್ಕೆ 'ಜನತೆಯ ಕೆಮ್ಮು' ಎಂದು ಹೆಸರಿಟ್ಟು, ಬೀದಿಯುದ್ದಕ್ಕೂ ಕೆಮ್ಮುತ್ತ ಮೆರವಣಿಗೆ ಹೋದರು. ಆಳುವ ಪಕ್ಷದವರು ಇದು ದುಡ್ಡು ಕೊಟ್ಟು ಕೆಮ್ಮಿಸಿದ್ದು ಎಂದರು. ಕೆಮ್ಮಿನ ಒಲವು ಯಾವ ಸಿದ್ಧಾಂತದ ಕಡೆಗಿದೆ ಎಂದು ಟೀವಿಯಲ್ಲಿ ತಜ್ಞರು ಕಿತ್ತಾಡಿದರು. ಅವರಲ್ಲಿ ಒಬ್ಬರೂ ಡಾಕ್ಟರಲ್ಲ.

ಮೈಕಕ್ಕನ ಅಣ್ಣ ಆಳುವ ಪಕ್ಷದ ವಾರ್ಡ್ ಕಾರ್ಯದರ್ಶಿ. ಅಪ್ಪ ಹೋದ ಮೇಲೆ ತಾನು ಓದು ಬಿಟ್ಟು ತಂಗಿಯನ್ನು ಓದಿಸಿದವನು. ಪಕ್ಷದ ಸಭೆಗಳಲ್ಲಿ ವರ್ಷಗಟ್ಟಲೆ ಕುರ್ಚಿ ಜೋಡಿಸಿ, ಈಗೀಗ ಒಂದು ಕುರ್ಚಿಯಲ್ಲಿ ಕೂರುವಂತಾಗಿದ್ದ. ಅವನು ಮನೆಗೆ ಬಂದವನು ಚಪ್ಪಲಿ ಕೂಡ ಬಿಡಲಿಲ್ಲ.

"ಎಲ್ಲಾ ಬಿಟ್ಟು ಅದೇ ಮಾತಿಗೆ ಕೆಮ್ಮಬೇಕಿತ್ತಾ ನೀನು?"

"ಕೆಮ್ಮು ಹೇಳಿ ಕೇಳಿ ಬರತ್ತಾ ಅಣ್ಣಾ? ಚಳಿ ಶುರುವಾದಾಗಿಂದ ಇದೆ."

"ನಾನು ನಂಬ್ತೀನಿ ಕಣೇ. ಪಕ್ಷ ನಂಬಬೇಕಲ್ಲ? ಒಂದು ಕ್ಷಮೆ ವಿಡಿಯೊ ಮಾಡಿಬಿಡು. ನನ್ನ ಮಾನ ಉಳಿಸು."

ಅಣ್ಣ ಕೈಮುಗಿಯುವುದೊಂದು ಬಾಕಿ. ಅವಳು ಗೋಡೆಗೆ ಬೆನ್ನು ಕೊಟ್ಟು ಕೂತಳು. ಅವನೇ ಮೊಬೈಲು ಹಿಡಿದ. "ಮಾನ್ಯ ಸಚಿವರಲ್ಲಿ ನಾನು" ಎನ್ನುತ್ತಿದ್ದಂತೆ ಮತ್ತೆ ಕೆಮ್ಮು. ಇನ್ನೊಮ್ಮೆ ಹಿಡಿದರೂ ಅದೇ ಕಥೆ. ಬೇರೆ ದಾರಿ ಕಾಣದೆ ಅವನು ಅದನ್ನೇ ಪಕ್ಷದವರಿಗೆ ಕಳಿಸಿದ. ಮೊದಲಿನದಕ್ಕಿಂತ ಇದು ಜೋರಾಗಿ ಓಡಿತು.

"ಬೇಕಂತಲೇ ಮಾಡಿದೆ ಅಲ್ವಾ?" ಎಂದು ಅಣ್ಣ ಫೋನಿನಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟ. ಅವತ್ತೇ ಫೇಸ್‌ಬುಕ್ಕಿನಲ್ಲಿ 'ಪಕ್ಷ ಮೊದಲು, ರಕ್ತ ಆಮೇಲೆ' ಎಂದು ಬರೆದ. ಅದರ ಕೆಳಗೆ ಸಾಲುಗಟ್ಟಿದ ಕೆಂಪು ಹೃದಯಗಳನ್ನು ಮೈಕಕ್ಕ ಬೆರಳಿನಿಂದ ಸರಿಸುತ್ತ ಹೋದಳು. ಮುಗಿಯಲೇ ಇಲ್ಲ. ಅಣ್ಣ ತಂಗಿ ಬೇರೆಯಾದರೆ ಇಷ್ಟೊಂದು ಜನಕ್ಕೆ ಇಷ್ಟೊಂದು ಖುಷಿಯೇ?

ವಿರೋಧ ಪಕ್ಷದ ಮುಖಂಡ ಹೂಗುಚ್ಛ ಹಿಡಿದು ಬಂದ. "ನಿಮ್ಮ ಧೈರ್ಯ ದೊಡ್ಡದಮ್ಮ."

"ಧೈರ್ಯ ಏನೂ ಇಲ್ಲ, ಗಂಟಲು ಕೆರೀತಿತ್ತು ಅಷ್ಟೇ."

"ಅದನ್ನ ಹೊರಗಡೆ ಮಾತ್ರ ಹೇಳ್ಬೇಡಿ."

ಹೊರಗೆ ನಿಂತಿದ್ದ ವರದಿಗಾರ ಕೇಳಿದ, ಅವಳು ಅದನ್ನೇ ಹೇಳಿದಳು. ಅಲ್ಲಿಗೆ ವಿರೋಧ ಪಕ್ಷದವರಿಗೂ ಅವಳು ಮಾರಿಕೊಂಡವಳಾದಳು. ಮೇಲಧಿಕಾರಿ ಅವಳನ್ನು ಗಾಜಿನ ಗೂಡಿನಿಂದ ಇಳಿಸಿ, ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದ. ಅಲ್ಲಿ ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಬೂಟು. ಮಾತಾಡುವ ಪ್ರಸಂಗವೇ ಕಡಿಮೆಯಾದ್ದರಿಂದ ತನ್ನ ದನಿ ಸೋರಿಹೋಗುತ್ತಿರುವುದು ಅವಳಿಗೇ ತಿಳಿಯಲಿಲ್ಲ.

ತಿಳಿದದ್ದು ಗಂಡನಿಗೆ. ಗಡಿಯಾರ ರಿಪೇರಿ ಮಾಡುವ ಅವರು ಹೆಚ್ಚು ಮಾತಿನವರಲ್ಲ. ಒಂದು ಸಂಜೆ ಅಡುಗೆಮನೆಯಿಂದ ತಟ್ಟೆಗೆ ಚಮಚ ಬಡಿಯುವ ಸದ್ದು ಕೇಳಿ ಎದ್ದು ಹೋದರು. ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. "ಆಗಿಂದ ಕರೀತಾನೇ ಇದೀನಿ," ಎಂದಳು. ಬರೀ ಉಸಿರು ಬಂತು. ಮರುದಿನ ಅಂಗಡಿ ಬಾಗಿಲು ಹಾಕಿ ಡಾಕ್ಟರ ಬಳಿ ಕರೆದುಕೊಂಡು ಹೋದರು.

"ಓಹೋ, ಕೆಮ್ಮಿನ ಮೇಡಂ ನೀವೇನಾ!" ಡಾಕ್ಟರು ಜೋರಾಗಿ ನಕ್ಕರು. "ನನ್ನ ಮಗಳ ಫೋನ್ ರಿಂಗೇ ನೀವು." ಆಮೇಲೆ ಗಂಟಲೊಳಗೆ ನಳಿಕೆ ಇಳಿಸಿ ನೋಡಿದರು. ನೋಡುತ್ತ ನೋಡುತ್ತ ಅವರ ನಗು ಇಳಿದುಹೋಯಿತು.

ಧ್ವನಿತಂತುವಿನ ಮೇಲೆ ಗಡ್ಡೆ ಬೆಳೆದಿತ್ತು. ಆಪರೇಷನ್ ಮಾಡಿ ತೆಗೆದರು. ಕೆಟ್ಟ ಗಡ್ಡೆಯಲ್ಲ ಎಂದು ವರದಿ ಬಂದಾಗ ಗಂಡ ಕಾರಿಡಾರಿನ ಬೆಂಚಿನ ಮೇಲೆ ಕುಸಿದು ಕೂತರು. ಆದರೆ ಹಳೆಯ ದನಿ ವಾಪಸ್ಸು ಬರುವುದಿಲ್ಲ, ಮೈಕಿನ ಕೆಲಸ ಇನ್ನು ಕನಸು ಎಂದು ಡಾಕ್ಟರು ಹೇಳಿದರು. ಅಷ್ಟರಲ್ಲಿ ಕೆಮ್ಮಿನ ಕಾಲ ಮುಗಿದು, ತಲೆಯ ಮೇಲೆ ಬಕೆಟ್ಟು ಹೊತ್ತು ಮೆಟ್ಟಿಲಿಳಿಯುವ ವಿಡಿಯೊಗಳ ಹುಚ್ಚು ಶುರುವಾಗಿತ್ತು.

ಅಣ್ಣ ಆಸ್ಪತ್ರೆಗೆ ಬಂದ. ಬಾಗಿಲಲ್ಲೇ ನಿಂತು ಅವಳ ಕುತ್ತಿಗೆ ನೋಡಿದ, ಮುಖ ನೋಡಲಾಗಲಿಲ್ಲ.

"ಅವತ್ತು... ನಿಜವಾಗ್ಲೂ ಬಂದಿದ್ದೇನೇ?"

ಅವಳು ಹೌದೆಂದು ತಲೆಯಾಡಿಸಿದಳು. ಅವನು ಪಕ್ಕದ ಸ್ಟೂಲಿನಲ್ಲಿ ಕೂತು, ಅವಳನ್ನು ಕೇಳಿ ಒಂದು ಫೋಟೊ ತೆಗೆದು, 'ನನ್ನ ತಂಗಿ ಸುಳ್ಳು ಹೇಳಿರಲಿಲ್ಲ' ಎಂದು ಫೇಸ್‌ಬುಕ್ಕಿಗೆ ಹಾಕಿದ. ಉತ್ತರಗಳು ಟಣ್ ಟಣ್ ಎಂದು ಬರತೊಡಗಿದವು. ಓದುತ್ತ ಅವನ ಕಿವಿ ಕೆಂಪಾಯಿತು.

"ನಮ್ಮೋರೇ ಕಣೇ. ನಾಟಕ ಅಂತಾರೆ. ನಾನೂ ಎಷ್ಟು ತಗೊಂಡೆ ಅಂತ ಕೇಳ್ತಾರೆ. ನನ್ನ ಜೊತೆ ಕುರ್ಚಿ ಎತ್ತಿದೋರು!"

ಅವನು ಒಬ್ಬೊಬ್ಬನಿಗೂ ಉತ್ತರ ಬರೆಯಲು ಹೊರಟ. ಮೈಕಕ್ಕ ಮೆಲ್ಲಗೆ ಕೈಚಾಚಿ ಮೊಬೈಲು ಕಿತ್ತುಕೊಂಡು ದಿಂಬಿನಡಿ ಸೇರಿಸಿದಳು. ಅಲ್ಲೂ ಅದು ಗುಂಯ್‌ಗುಡುತ್ತಲೇ ಇತ್ತು. ಅಣ್ಣ ತಲೆ ತಗ್ಗಿಸಿ ಕೂತ, ಬೈಸಿಕೊಂಡ ಹುಡುಗನ ಹಾಗೆ. ಮನೆಗೆ ಹೋಗು ಅನ್ನಬೇಕೆಂದುಕೊಂಡಳು, ದನಿಯಿರಲಿಲ್ಲ. ಅವನೂ ಏಳಲಿಲ್ಲ.