ಮೊದಲ ಸಹಿಯಿಲ್ಲದ ಅರ್ಜಿ

ನನ್ನ ಬುತ್ತಿ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ಕಳೆದ ವಾರ ನೀಲಿ ಶಾಯಿ ಮೆತ್ತಿದೆ. ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಅದು ಹೇಗೆ ಬಂತೆಂದು ಹೇಳುತ್ತೇನೆ, ಕೇಳಿ. ನಾನು ಮಾಡಿದ್ದು ಸರಿಯೋ ತಪ್ಪೋ ನೀವೇ ಹೇಳಿ, ನನಗಂತೂ ತಲೆಬುಡ ತಿಳಿಯುತ್ತಿಲ್ಲ.

ಇಲ್ಲಿ ಗಲ್ಫಿನಲ್ಲಿ, ನಜ್ಮಾ ಬಡಾವಣೆಯ ನಮ್ಮ ಆಫೀಸನ್ನು ಗುಡಿಸಿ ಒರೆಸುವ ಹನ್ನೊಂದು ಹೆಂಗಸರು ಮಧ್ಯಾಹ್ನ ಕೆಲಸ ಮುಗಿಸಿ, ಬಸ್ಸು ಬರುವ ತನಕ ಗೋಡೆಯ ಗೇಣಗಲದ ನೆರಳಿಗೆ ಅಂಟಿಕೊಂಡು ನಿಲ್ಲುತ್ತಾರೆ. ಒಳಗೆ ತಣ್ಣನೆಯ ಲಾಬಿಯಲ್ಲಿ ಸೋಫಾಗಳು ಖಾಲಿ ಬಿದ್ದಿರುತ್ತವೆ. ಅಲ್ಲಿ ಕೂರಲು ಅನುಮತಿ ಕೇಳಿ ಮ್ಯಾನೇಜರಿಗೊಂದು ಅರ್ಜಿ ಬರೆದುಕೊಡಿ ಎಂದಳು ಅವರಲ್ಲೊಬ್ಬಳಾದ ನೇಪಾಳದ ಮಾಯಾ. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಕೈ ನನ್ನದು. ಇಂಗ್ಲಿಷಿನಲ್ಲಿ ಚಂದವಾಗಿ ಬರೆದು, ಅಭ್ಯಾಸಬಲದಿಂದ ಕೆಳಗೆ ಒಂದರಿಂದ ಹನ್ನೊಂದರವರೆಗೆ ಅಂಕಿ ಹಾಕಿ ಸಹಿಗೆ ಗೆರೆ ಎಳೆದುಕೊಟ್ಟೆ. ಕಾಗದ ಎರಡು ದಿನ ಕೈಯಿಂದ ಕೈಗೆ ತಿರುಗಿ ಖಾಲಿಯಾಗಿಯೇ ಮರಳಿತು. ಒಂದನೆಯ ಗೆರೆಯವಳನ್ನೇ ಮೊದಲು ಊರಿಗೆ ಕಳಿಸುತ್ತಾರೆಂಬ ಅವರ ಭಯ ನನ್ನ ಗುಮಾಸ್ತಬುದ್ಧಿಗೆ ಹೊಳೆದಿರಲೇ ಇಲ್ಲ.

ಆಗ ಅವರದೇ ಗುಂಪಿನ ಕೀನ್ಯಾದ ಗ್ರೇಸ್ ನನ್ನ ಡಬ್ಬಿಯ ದುಂಡು ಮುಚ್ಚಳವನ್ನು ಹೊಸ ಹಾಳೆಯ ಮೇಲೆ ಕವುಚಿ ಸುತ್ತ ಪೆನ್ನು ಓಡಿಸಿದಳು. ಅವಳೂರಿನ ಚಹಾ ತೋಟದ ಹೆಂಗಸರು ಹೀಗೆ ದುಂಡಗೆ ಸಹಿ ಹಾಕುತ್ತಾರಂತೆ, ಯಾರು ಮೊದಲೆಂದು ಯಾರಿಗೂ ತಿಳಿಯಬಾರದೆಂದು. ನನಗೆ ಮೈ ಜುಮ್ಮೆಂದಿತು. ಉಡುಪಿಯಲ್ಲಿ ಬೀಡಿ ಕಟ್ಟುತ್ತಿದ್ದ ನನ್ನ ಚಿಕ್ಕಮ್ಮನೂ ಜೊತೆಯವರೂ ಹರಕು ಎಲೆ ಕೊಡುತ್ತಾರೆಂದು ಕೊಟ್ಟ ದೂರಿನಲ್ಲಿ ಹೆಬ್ಬೆಟ್ಟುಗಳು ಹೀಗೆಯೇ ಸುತ್ತ ಕೂತಿದ್ದವು. ಕೀನ್ಯಾ ಎಲ್ಲಿ, ಉಡುಪಿ ಎಲ್ಲಿ! ಒಬ್ಬರ ಹೆಸರು ಇನ್ನೊಬ್ಬರು ಕೇಳದೆ, ಲೋಕದ ಮೂಲೆಮೂಲೆಯಲ್ಲಿ ಹೆಂಗಸರು ಅಂಜುತ್ತ ಅಂಜುತ್ತಲೇ ಒಂದೇ ಉಪಾಯಕ್ಕೆ ಬಂದಿದ್ದಾರೆಂದರೆ, ಭರವಸೆ ಎಂಬುದು ಇದೇ ಇರಬೇಕು ಎಂದುಕೊಂಡೆ. ಮರುಗಳಿಗೆಯೇ, ಚಿಕ್ಕಮ್ಮನ ಕಾಲದಿಂದ ಇಂದಿನವರೆಗೂ ಮೊದಲು ಸಹಿ ಹಾಕಿದವಳು ಅಡಗಿಯೇ ಇರಬೇಕಲ್ಲ, ಇದೆಂಥ ಭರವಸೆ ಎಂದು ಮನಸ್ಸು ಮುದುಡಿತು. ಎರಡರಲ್ಲಿ ಯಾವುದು ನಿಜವೋ ಈಗಲೂ ಅರಿಯೆ.

ಆ ಹಾಳೆಗೇ ಅರ್ಜಿಯನ್ನು ಮತ್ತೆ ಬರೆದುಕೊಟ್ಟೆ; ವೃತ್ತದ ಸುತ್ತ ಹನ್ನೊಂದು ಸಹಿ ಬಿದ್ದವು. ನನಗೆಂದು ಒಂದು ಜಾಗ ಬಿಟ್ಟಿದ್ದರು. ಬಿನ್ ಒಮ್ರಾನ್ ಬಡಾವಣೆಯ ನಮ್ಮ ಮನೆಯಲ್ಲಿ ಗಂಡನಿಗೆ ಹೇಳಿದರೆ, "ಬರೆದು ಕೊಟ್ಟಿಯಲ್ಲ, ಖಲಾಸ್. ಸಹಿ ಗಿಹಿ ಹಾಕ್ಲಿಕ್ಕೆ ಹೋಗ್ಬೇಡ ಮಾರಾಯ್ತಿ, ನಾವು ಇಲ್ಲಿ ಇರುವುದೇ ನಿನ್ನ ವೀಸಾದಲ್ಲಿ" ಎಂದರು. ಸುಳ್ಳೇನಲ್ಲ, ಅವರ ಕೆಲಸ ಹೋಗಿ ಆರು ತಿಂಗಳಾಗಿದೆ, ಮಗಳು ಹತ್ತನೇ ಕ್ಲಾಸು. ನಾನು ಸಹಿ ಹಾಕಲಿಲ್ಲ.

ಅರ್ಜಿ ಕೊಟ್ಟ ಮರುದಿನ ಮ್ಯಾನೇಜರು ಎಲ್ಲರನ್ನೂ ಕರೆದರು, ಹಿಂದಿ ಬಲ್ಲವಳೆಂದು ನನ್ನನ್ನೂ. ಹಾಳೆಯನ್ನು ಆಚೀಚೆ ತಿರುಗಿಸಿ ನೋಡಿ, ಈ ಇಂಗ್ಲಿಷ್ ಯಾರದೆಂದು ಕೇಳಿದರು. ಮಾಯಾ ನನ್ನ ಕಡೆ ಕಣ್ಣೆತ್ತಲೂ ಇಲ್ಲ.

"ನಾವೆಲ್ಲ ಸೇರಿ ಬರೆದದ್ದು ಸರ್," ಎಂದಳು ಹಿಂದಿಯಲ್ಲಿ.

ಅದನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ ಮಾತು: ಬರೆದವಳು ನಾನು. ಮ್ಯಾನೇಜರು ಬೈಯಲಿಲ್ಲ. ಹಾಗಾದರೆ ನಿಮ್ಮ ಸಹಿ ಎಲ್ಲಿ ಎಂದಷ್ಟೇ ಕೇಳಿದರು.

ನಾಚಿಕೆಯಿಂದಲೋ ಧೈರ್ಯದಿಂದಲೋ, ನನಗೆಂದು ಬಿಟ್ಟಿದ್ದ ಜಾಗದಲ್ಲಿ ಸಹಿ ಹಾಕಿದೆ. ಲಾಬಿಯ ವಿಷಯ ಮೇಲಿನವರನ್ನು ಕೇಳಿ ಹೇಳುವರಂತೆ. ಆ ಹಾಳೆಯಲ್ಲಿ ಮೊದಲು ಸಹಿ ಹಾಕಿದವಳು ಯಾರೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ; ಕೊನೆಯವಳು ಯಾರೆಂದು ಚೆನ್ನಾಗಿ ಗೊತ್ತು.