ಕ್ವಾ ಥಿಯಾಂಹಿಯ ಕಾರಿನ ಕಿಟಕಿ

ಹೂವೇಯ್ ಊರಿನ ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಬ್ಬಿನ ಗಾಡಿ ತೂಗಿ ನಿವೃತ್ತನಾದ ಕ್ವಾ ಥಿಯಾಂಹಿ ಮನುಷ್ಯರನ್ನೂ ಅವರವರ ಗಾಡಿ ನೋಡಿಯೇ ತೂಗುತ್ತಿದ್ದ. ಸ್ಕೂಟರಿನಲ್ಲಿ ಬಂದವರಿಗೆ ಅರ್ಧ ನಗು. ಸಣ್ಣ ಜಪಾನಿ ಕಾರಿನವರಿಗೆ ಮುಕ್ಕಾಲು. ದೊಡ್ಡ ಜರ್ಮನ್ ಕಾರಿನಿಂದ ಇಳಿದವರಿಗೆ ಮಾತ್ರ ದವಡೆ ಹಲ್ಲಿನವರೆಗೂ ಕಾಣುವ ಪೂರ್ತಿ ನಗು. ಐವತ್ತೆರಡನೆಯ ವಯಸ್ಸಿನವರೆಗೆ ತಾನೂ ಸ್ಕೂಟರಿನವನೇ ಆಗಿದ್ದಾಗ ಬೆಳಿಗ್ಗೆ ಕನ್ನಡಿ ನೋಡಿಕೊಂಡು ಎಷ್ಟು ನಗುತ್ತಿದ್ದನೋ, ಅದನ್ನು ಅವನ ಹೆಂಡತಿ ಬಿಲಾನಳೇ ಹೇಳಬೇಕು.

ದೇವಸ್ಥಾನದ ಬೀದಿಯ ಹಲ್ಲಿನ ಡಾಕ್ಟರು ತೀರಿಕೊಂಡರು. ನಲವತ್ತೊಂಬತ್ತನೆಯ ದಿನದ ಕರ್ಮ ಮುಗಿಯುವುದನ್ನೇ ಕಾದಿದ್ದ ಥಿಯಾಂಹಿ ಮರುದಿನ ಬೆಳಿಗ್ಗೆ ಒಂದು ಚೀಲ ಸೀಬೆಹಣ್ಣು ಹಿಡಿದುಕೊಂಡು ಅವರ ಮನೆಗೆ ಹೋದ. ಅಂಗಳದಲ್ಲಿ ಡಾಕ್ಟರ ಕಪ್ಪು ಜರ್ಮನ್ ಕಾರು ನಿಂತಿತ್ತು. ಹದಿನೈದು ವರ್ಷದ್ದು, ಹಾಯಿದೋಣಿಯಷ್ಟು ಉದ್ದದ್ದು. ಅವನು ಹೇಳಿದ ಬೆಲೆಗೆ ಡಾಕ್ಟರ ಹೆಂಡತಿ ಚೌಕಾಸಿ ಕೂಡ ಮಾಡಲಿಲ್ಲ. "ತಗೊಂಡ್ ಹೋಗಿ. ಇದರ ರಿಪೇರಿಗೆ ಅವರು ಸುರಿದ ದುಡ್ಡಲ್ಲಿ ಇನ್ನೊಂದು ಆಸ್ಪತ್ರೆ ಕಟ್ಟಬಹುದಿತ್ತು" ಎಂದಳು. ಹೆಂಗಸಿಗೆ ಕಾರಿನ ವಿಷಯ ಏನು ತಿಳಿಯುತ್ತದೆ ಎಂದುಕೊಂಡ ಥಿಯಾಂಹಿ, ಸೀಬೆಹಣ್ಣಿನ ಚೀಲವನ್ನು ಮಾತ್ರ ನೆನಪಿನಿಂದ ವಾಪಸ್ ಇಸಿದುಕೊಂಡ.

ಊರಿನ ಗ್ಯಾರೇಜಿನ ಕಿಮ್‌ಸಾನ್ ಒಳ್ಳೆಯ ಕೆಲಸಗಾರ, ಮಾತು ಕಡಿಮೆ. ಕಾರಿನ ಕೆಳಗೆ ಮಲಗಿ ನೋಡಿ ಎದ್ದು ಬಂದವನು ತಾನಾಗಿಯೇ ಬುದ್ಧಿ ಹೇಳಿದ. "ಅಣ್ಣ, ಕಾರಿನ ಬೆಲೆ ಇಳಿದಿದೆ, ಸಾಮಾನಿನ ಬೆಲೆ ಇಳಿದಿಲ್ಲ. ಎಣ್ಣೆ, ಬ್ರೇಕು, ರಬ್ಬರು, ಇವಿಷ್ಟನ್ನ ಕಾಲಕಾಲಕ್ಕೆ ಮಾಡಿಸಿ. ಹಳೇ ಗಾಡಿ ಒಡೆಯೋ ಅಂಗಡಿಯಿಂದ ಸಾಮಾನು ನಾನೇ ಹುಡುಕಿ ತರ್ತೀನಿ. ಚೆಂದ ಆಮೇಲೆ ನೋಡಿಕೊಳ್ಳೋಣ."

ಈ ಮಾತು ಕೇಳಿದ್ದರೆ ಕತೆಯೇ ಇರುತ್ತಿರಲಿಲ್ಲ. ಥಿಯಾಂಹಿಗೆ ಕಾರಿನಲ್ಲಿ ಎರಡೇ ಭಾಗ: ಬೀದಿಗೆ ಕಾಣುವುದು, ಬೀದಿಗೆ ಕಾಣದ್ದು. ಕಾಣುವುದಕ್ಕೆ ಅವನು ಜೀವ ಬಿಡುತ್ತಿದ್ದ. ಚಕ್ರದ ಸಂದುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದ. ಸೀಟಿನ ಚರ್ಮ ಬಿರಿದಲ್ಲಿ ಬೂಟ್ ಪಾಲಿಶ್, ಮರದ ಪಟ್ಟಿ ಸುಲಿದಲ್ಲಿ ಬಿಲಾನಳ ಉಗುರುಬಣ್ಣ. ಮೂತಿಯ ಮೇಲಿದ್ದ ಬೆಳ್ಳಿಬಣ್ಣದ ಲಾಂಛನವನ್ನು ಕಾರು ನಿಲ್ಲಿಸಿದಾಗಲೆಲ್ಲ ತಿರುಗಿಸಿ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸುತ್ತಿದ್ದ, ಕಳ್ಳರ ಭಯವಂತೆ. ಇನ್ನು ಕಾಣದ ಭಾಗಕ್ಕೆ ಅವನಲ್ಲಿದ್ದ ಔಷಧ ಅಂಟು, ತಂತಿ ಮತ್ತು ಸುಳ್ಳು. ಛಾವಣಿಯ ಗಾಜಿನ ಕಿಂಡಿ ಸೋರಿದಾಗ, ನೀರು ಹೋಗುವ ಸಣ್ಣ ಕೊಳವೆ ಶುಚಿ ಮಾಡಿದರೆ ಸಾಕು ಎಂದು ಕಿಮ್‌ಸಾನ್ ಬಡಕೊಂಡ. ಆ ಪುಟ್ಟ ಕೂಲಿ ಉಳಿಸಲು ಥಿಯಾಂಹಿ ಬಚ್ಚಲುಮನೆಗೆ ಮೆತ್ತುವ ಅಂಟು ತಂದು ಕಿಂಡಿಯನ್ನು ಸುತ್ತಲೂ ಮುಚ್ಚಿಬಿಟ್ಟ. ಅದು ಮತ್ತೆ ತೆರೆಯಲಿಲ್ಲ.

ಕಿಟಕಿಗಳ ಸಂಗತಿ ಇದಕ್ಕಿಂತ ನಾಚಿಕೆಗೇಡು. ದಿನಾ ಬೆಳಿಗ್ಗೆ ಅವನು ಮಾರುಕಟ್ಟೆ ಬೀದಿಯಲ್ಲಿ ನಿಧಾನಕ್ಕೆ ಕಾರು ಬಿಡುತ್ತಿದ್ದ. ಚಾಲಕನ ಕಿಟಕಿ ಇಳಿಸಿ, ಮೊಣಕೈ ಹೊರಗಿಟ್ಟು, ಶ್ಯಾವಿಗೆ ಸಾರಿನ ಅಂಗಡಿಯ ಮುಂದೆ ಕೂತ ಕಾರ್ಖಾನೆಯ ಹಳೇ ಗೆಳೆಯರಿಗೆ ಗದ್ದ ಅಲ್ಲಾಡಿಸಿ ಹೋಗಬೇಕು. ಇಲ್ಲವಾದರೆ ತಿಂದದ್ದು ಅರಗುವುದಿಲ್ಲ. ಹೀಗೆ ದಿನಕ್ಕೆ ಹತ್ತು ಸಲ ಏರಿಸಿ ಇಳಿಸಿ ಆ ಕಿಟಕಿಯ ಮೋಟಾರು ಸುಟ್ಟುಹೋಯಿತು. ಹೊಸದು ತರುವ ಬದಲು ಹಿಂದಿನ ಬಲಗಡೆ ಬಾಗಿಲಿನದನ್ನು ಕಿತ್ತು ಮುಂದಕ್ಕೆ ಹಾಕಿಸಿದ. ಮೂರು ವರ್ಷ ಬಿಟ್ಟು ಅದೂ ಸುಟ್ಟಿತು, ಹಿಂದಿನ ಎಡಗಡೆಯದು ಬಂತು. ಆಮೇಲೆ ಪಕ್ಕದ ಸೀಟಿನದು. ಮೋಟಾರು ಹೋದ ಮೂರು ಬಾಗಿಲುಗಳಲ್ಲಿ ಗಾಜು ಕೆಳಗೆ ಜಾರದಂತೆ ಒಳಗಿನಿಂದ ಮರದ ಬೆಣೆ ಕೊಟ್ಟ. ಬೆಣೆಗೆ ಮರ ಬಂದದ್ದು ಬಿಲಾನಳ ತರಕಾರಿ ಹೆಚ್ಚುವ ಹಲಗೆಯಿಂದ. ಅವಳು ಮೂರು ಕಡೆ ತುಂಡಾದ ಹಲಗೆಯ ಮೇಲೆಯೇ ಹೆಚ್ಚುತ್ತ ಬಂದಳು. ಮಾತಾಡಬೇಕೆನಿಸಿದಾಗ ಚಾಕುವನ್ನು ಸ್ವಲ್ಪ ಜೋರಾಗಿ ಬಡಿಯುತ್ತಿದ್ದಳು.

ಮಗ ಯೆನ್‌ಥಿಂಗ್‌ಗೆ ಮೂವತ್ತೇಳರಲ್ಲಿ ಮದುವೆ ಗೊತ್ತಾಯಿತು. ಹುಡುಗಿ ಬೇಗಾಂಗ್ ಊರಿನ ಪೇಯುನ್, ಕಡಲೆಕಾಯಿ ಎಣ್ಣೆಯ ಗಾಣದವರ ಮಗಳು. ಎಣ್ಣೆ ಡಬ್ಬಿಗಳ ಸಣ್ಣ ಲಾರಿಯನ್ನು ತಾನೇ ಓಡಿಸಿಕೊಂಡು ನಾಲ್ಕು ಊರಿನ ಅಂಗಡಿಗಳಿಗೆ ಹಾಕುವವಳು. ಲಾರಿಯವಳು ಎಂದು ಕೇಳಿ ಥಿಯಾಂಹಿ ಆ ಹುಡುಗಿಗೆ ಮುಕ್ಕಾಲು ನಗುವಿನ ಮೇಲೆ ಕೊಡಲಿಲ್ಲ. ಅವನಿಗೆ ಸಂಭ್ರಮವಿದ್ದದ್ದು ಒಂದೇ ವಿಷಯಕ್ಕೆ: ವಧುವನ್ನು ಕರೆತರುವ ಆರು ಕಪ್ಪು ಕಾರುಗಳ ಸಾಲಿನಲ್ಲಿ ಮೊದಲನೆಯದು ತನ್ನ ಕಾರು, ಅದರ ಸ್ಟೀರಿಂಗ್ ಹಿಡಿದು ತಾನು. ಹುಡುಗನ ಅಪ್ಪ ಮನೆಯಲ್ಲಿ ಕಾಯಬೇಕಾದ್ದು ಪದ್ಧತಿ ಎಂದು ಸಂಬಂಧ ಕುದುರಿಸಿದ ಗೊಕ್ಯಾವ್ ಅಜ್ಜಿ ಹೇಳಿದರೆ, "ನನ್ನ ಕಾರು ಬೇರೆಯವರ ಕೈಗೆ ಬಗ್ಗಲ್ಲ" ಎಂದ. ಒಂದು ತಿಂಗಳು ಶ್ಯಾವಿಗೆ ಅಂಗಡಿಯವರ ತಲೆ ತಿಂದ. "ಹನ್ನೆರಡನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆ. ಎಲ್ಲಿಗೂ ಹೋಗಬೇಡ್ರೋ, ಇಲ್ಲೇ ಕೂತಿರಿ."

ಮದುವೆಗೆ ವಾರವಿದ್ದಾಗ ಕಾರು ಹೊಳಪು ಮಾಡಿಸಲು ಗ್ಯಾರೇಜಿಗೆ ಹೋದ. ಕಿಮ್‌ಸಾನ್ ಹಿಂದಿನ ಬಲಗಡೆ ಬಾಗಿಲನ್ನು ಬೆರಳಿನಿಂದ ತಟ್ಟಿದ.

"ಇದಕ್ಕೊಂದು ಹಳೇ ಮೋಟಾರು ಸಿಕ್ಕಿದೆ ಅಣ್ಣ. ಮದುವೆಗೆ ಹಾಕಿಬಿಡ್ಲಾ?"

"ಹಿಂದಿನ ಕಿಟಕಿ ಯಾರಿಗೆ ಬೇಕು? ಒಳಗೆ ಏಸಿ ಇದೆ."

"ಹುಡುಗಿ ಕೂರೋದು ಅಲ್ಲೇ ಅಲ್ವಾ."

"ಕೂರ್ಲಿ. ನೀನು ಬಾನೆಟ್ಟಿಗೆ ಇನ್ನೊಂದು ಸಲ ಮೇಣ ಉಜ್ಜು."

ಕಿಮ್‌ಸಾನ್ ಮೇಣದ ಡಬ್ಬಿ ತೆಗೆದ. ಆರನೆಯ ಕಪ್ಪು ಕಾರು ಎಲ್ಲೂ ಸಿಗದೆ ಕೊನೆಗೆ ಕಿಮ್‌ಸಾನನ ಹಳೇ ಪುಟ್ಟ ಜಪಾನಿ ಕಾರನ್ನೇ ಕೇಳಬೇಕಾಯಿತು. ಕಿಟಕಿಯನ್ನು ಕೈಯಲ್ಲಿ ಹಿಡಿ ತಿರುಗಿಸಿ ಇಳಿಸುವ ಕಾಲದ್ದು. "ಆ ಡಬ್ಬೀನ ಎಲ್ಲರಿಗಿಂತ ಹಿಂದೆ ಇಟ್ಕೋ, ನಂದರ ಹತ್ರ ತರಬೇಡ" ಎಂದು ಥಿಯಾಂಹಿ ಎಚ್ಚರಿಸಿ ಬಂದ.

ಮದುವೆಯ ದಿನ ಬೆಳಿಗ್ಗೆ ಬಿಲಾನ್ ಅವನ ಕೋಟಿನ ಧೂಳು ಕೊಡವುತ್ತ ಕೇಳಿದಳು. "ರೀ, ಬೀಸಣಿಗೆಗೆ ಕಿಟಕಿ ಇಳಿಯುತ್ತೆ ತಾನೆ?"

"ಯಾವ ಬೀಸಣಿಗೆ?"

"ನಾನು ಎಸೆದಿದ್ನಲ್ಲ, ನಮ್ಮ ಮದುವೇಲಿ."

ಅವನಿಗೆ ನೆನಪಾಗಲಿಲ್ಲ. ಮದುಮಗಳು ತವರು ಬಿಡುವಾಗ ಕಾರಿನ ಕಿಟಕಿಯಿಂದ ಬೀಸಣಿಗೆ ಎಸೆಯುತ್ತಾಳೆ, ಹಟ, ಸಿಟ್ಟು, ಕೆಟ್ಟ ಚಾಳಿ ಎಲ್ಲ ತವರಿನ ಬಾಗಿಲಲ್ಲೇ ಉಳಿಯಲಿ ಎಂದು. ಆ ಸೀಮೆಯ ಮಕ್ಕಳಿಗೂ ಇದು ಗೊತ್ತು. ಆದರೆ ತನ್ನ ಮದುವೆಯ ದಿನ ಥಿಯಾಂಹಿ ಹೆಂಡತಿಯ ಕಡೆ ನೋಡಿರಲೇ ಇಲ್ಲ. ಬಾಡಿಗೆ ಕಾರಿನ ಗೇರು ಬದಲಿಸುವುದನ್ನು ನೋಡುತ್ತಿದ್ದ.

"ಇಳಿಯುತ್ತೆ, ಇಳಿಯುತ್ತೆ" ಎಂದು ಹೊರಟೇಬಿಟ್ಟ. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಬಾಗಿಲಿನ ಒಳಹೊದಿಕೆ ಬಿಚ್ಚಿ ಬೆಣೆ ಎಳೆದರೆ ಗಾಜು ತಾನಾಗಿ ಬೀಳುತ್ತದೆ, ನಿಜ. ಆದರೆ ಆ ಹೊದಿಕೆಯನ್ನೂ ಅವನು ಅದೇ ಬಚ್ಚಲ ಅಂಟಿನಿಂದ ಮೆತ್ತಿದ್ದ. ಹೆಣ್ಣಿನ ಕಡೆಯವರು ಮರೆತಾರು ಎಂದು ಆಸೆ ಇಟ್ಟುಕೊಂಡ. ಮೂವತ್ತು ಜನ ಬೀಗರು ಒಟ್ಟಿಗೆ ಮರೆಯುತ್ತಾರೆಂದು ನಂಬಿದ ಪುಣ್ಯಾತ್ಮ ಅವನು.

ಬೇಗಾಂಗಿನಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ಕಾರು ನಿಂತ ಕೂಡಲೇ ಅಭ್ಯಾಸಬಲದಿಂದ ಲಾಂಛನ ಬಿಚ್ಚಿ ಜೇಬಿಗೆ ಹಾಕಿಕೊಂಡ. ಎಂಜಿನ್ ಮಾತ್ರ ಆರಿಸಲಿಲ್ಲ. ಆರಿಸಿದರೆ ಮತ್ತೆ ಹೊತ್ತುತ್ತದೆಂಬ ಭರವಸೆ ಅವನಿಗೇ ಇರಲಿಲ್ಲ. ಪೇಯುನ್ ಅಪ್ಪ ಅಮ್ಮನಿಗೆ ಮಂಡಿಯೂರಿ ನಮಸ್ಕರಿಸಿದಳು, ಕಾರಿನ ಹಿಂದಿನ ಬಲಗಡೆ ಕೂತಳು. ಪಕ್ಕದಲ್ಲಿ ಯೆನ್‌ಥಿಂಗ್, ಮುಂದೆ ಗೊಕ್ಯಾವ್ ಅಜ್ಜಿ. ಬಾಗಿಲು ಹಾಕಿದರು. ಪಟಾಕಿಗೆ ಬೆಂಕಿ ಇಟ್ಟರು. ಹುಡುಗಿಯ ಅಮ್ಮ ಬೋಗುಣಿ ತುಂಬ ನೀರು ಹಿಡಿದು ನಿಂತಿದ್ದಳು, ಎರಚಿದ ನೀರಿನಂತೆ ಮಗಳೂ ತವರಿಗೆ ಮರಳದಿರಲಿ ಎಂದು ಕಾರು ಹೊರಟೊಡನೆ ಅದರ ಹಿಂದೆ ಎರಚಲು.

"ಮಾವ, ಕಿಟಕಿ ಇಳಿಸಿ" ಎಂದಳು ಪೇಯುನ್, ಬೀಸಣಿಗೆ ಹಿಡಿದುಕೊಂಡು.

ಥಿಯಾಂಹಿ ಒಂದು ಗುಂಡಿ ಒತ್ತಿದ. ಇನ್ನೊಂದು ಒತ್ತಿದ. ಹುಬ್ಬು ಗಂಟಿಕ್ಕಿ, "ಈಗ ತಾನೇ ಸರಿ ಇತ್ತಲ್ಲ" ಎಂದು ಗೊಣಗಿದ.

"ಆ ಕಡೇದು?"

"ಅದೂ... ಒಂದೇ ವೈರು."

"ಮೇಲಿಂದು?"

ಯೆನ್‌ಥಿಂಗ್ ತನ್ನ ಮೊಣಕಾಲು ನೋಡಿಕೊಳ್ಳುತ್ತ ಮೆಲ್ಲಗೆ ಹೇಳಿದ. "ಯಾವುದೂ ತೆಗೆಯಲ್ಲ. ಒಳಗೆ ಅಮ್ಮನ ಹಲಗೆ ಇದೆ. ಅಪ್ಪಂದು ಒಂದೇ ತೆಗೆಯೋದು."

ಹೊರಗೆ ಪಟಾಕಿ ಮುಗಿಯಿತು. ಮೂವತ್ತು ಜನ ಆ ಗಾಜನ್ನೇ ನೋಡುತ್ತ ನಿಂತರು. "ಬಾಗಿಲು ಒಂಚೂರು ತೆಗೆದು ಎಸೀಲಿ" ಎಂದ ಥಿಯಾಂಹಿ. ಗೊಕ್ಯಾವ್ ಅಜ್ಜಿ ಸರಕ್ಕನೆ ತಿರುಗಿದಳು.

"ಕ್ವಾ ಯಜಮಾನರೇ, ಬುದ್ಧಿ ನೆಟ್ಟಗಿದೆಯಾ? ಮದುಮಗಳು ಕೂತ ಸಾಲಿನ ಬಾಗಿಲು ಹಾಕಿದ ಮೇಲೆ ಗಂಡನ ಮನೇಲೇ ತೆಗೀಬೇಕು. ಇಲ್ಲಿ ತೆಗೆದ್ರೆ ಮದುವೆ ಮುರಿದು ವಾಪಸ್ ಬಂದ ಹಾಗೆ. ಒಳ್ಳೆ ಗಳಿಗೆ ಬೇರೆ ಮೀರ್ತಾ ಇದೆ."

"ನನ್ನ ಕೈಗೆ ಕೊಡ್ಲಿ, ನನ್ನ ಕಿಟಕಿಯಿಂದ..."

"ಅವಳ ಕೈಯಿಂದಲೇ ಬೀಳಬೇಕು. ನಿಮ್ಮ ಚಾಳಿ ಎಸೆಯೋಕೆ ಬಂದಿಲ್ಲ ನಾವು."

ಪೇಯುನ್ ಆಗಲೇ ಚಪ್ಪಲಿ ಬಿಚ್ಚಿದ್ದಳು. "ಮಾವ, ನಿಮ್ಮ ಬಾಗಿಲು ಲೆಕ್ಕಕ್ಕಿಲ್ಲವಲ್ಲ? ನೀವು ಕೆಳಗಿಳೀರಿ."

"ಯಾಕಮ್ಮ?"

"ಇಳೀರಿ ಮಾವ."

ಸ್ವರ ಏರಿರಲಿಲ್ಲ. ಬಾಕಿ ಎಣ್ಣೆ ಡಬ್ಬಿ ಇಳಿಸಿಕೊಳ್ಳಲು ತಕರಾರು ಮಾಡುವ ಅಂಗಡಿಯವನೊಂದಿಗೆ ಆಡುವ ಸ್ವರ. ಥಿಯಾಂಹಿ ಇಳಿದ. ಪೇಯುನ್ ಆ ರಾಶಿ ಲಂಗವನ್ನು ಕಂಕುಳಿಗೆ ಒಟ್ಟಿಕೊಂಡು, ಎರಡು ಸೀಟಿನ ನಡುವೆ ನುಸುಳಿ ಚಾಲಕನ ಜಾಗಕ್ಕೆ ಬಂದು ಕೂತಳು. ಯೆನ್‌ಥಿಂಗ್ ಹಿಂದಿನಿಂದ ಲಂಗದ ತುದಿ ತಳ್ಳಿದ. ಆ ಮನೆತನದಲ್ಲಿ ಒಬ್ಬ ಗಂಡಸು ಕೊನೆಗೂ ಉಪಯೋಗಕ್ಕೆ ಬಂದದ್ದು ಅದೇ ಗಳಿಗೆಯಲ್ಲಿ.

"ಬಾಗಿಲು ಹಾಕಿ ಮಾವ."

ಹಾಕಿದ. ಅವಳು ಕಿಟಕಿಯಿಂದ ಕೈ ಚಾಚಿ ಬೀಸಣಿಗೆ ಎಸೆದಳು; ಅದು ಅವನ ಬೂಟಿನ ಮುಂದೆ ಬಿತ್ತು. ಹೆಣ್ಣಿನ ಕಡೆಯವರೆಲ್ಲ ಕೈತಟ್ಟಿದರು.

"ಹೊರಡು ಮಗಳೇ, ಐದೇ ನಿಮಿಷ ಇದೆ" ಎಂದಳು ಅಜ್ಜಿ.

"ನಾನು?" ಎಂದ ಥಿಯಾಂಹಿ.

"ಹಿಂದಿನ ಬಾಗಿಲು ತೆಗೆಯೋ ಹಾಗಿಲ್ಲವಲ್ಲ" ಎಂದಳು ಅಜ್ಜಿ, ಮುಖ ಕೂಡ ತಿರುಗಿಸದೆ.

ಬೇರೆಯವರ ಕೈಗೆ ಬಗ್ಗದ ಕಾರು ಎರಡು ಟನ್ನಿನ ಲಾರಿ ಪಳಗಿಸಿದವಳ ಕೈಗೆ ನಾಯಿಮರಿಯ ಹಾಗೆ ಬಗ್ಗಿತು. ಅದು ಹೊರಟೊಡನೆ ಹುಡುಗಿಯ ಅಮ್ಮ, ಕಣ್ಣು ತುಂಬಿಕೊಂಡಿದ್ದರಿಂದ ಮುಂದೆ ಯಾರಿದ್ದಾರೆ ಎಂದು ನೋಡದೆ, ಬೋಗುಣಿ ನೀರನ್ನು ಎರಚಿಬಿಟ್ಟಳು. ಥಿಯಾಂಹಿಯ ಪ್ಯಾಂಟು ಸೊಂಟದಿಂದ ಕೆಳಗೆ ತೊಯ್ದುಹೋಯಿತು. ಏನು ಮಾಡಲೂ ತೋಚದೆ ಬಗ್ಗಿ ಬೀಸಣಿಗೆಗೆ ಕೈ ಹಾಕಿದ.

"ಬಿಡಿ ಬೀಗರೇ" ಎಂದಳು ಆಕೆ. "ಅದು ಇಲ್ಲೇ ಉಳೀಬೇಕಾದ್ದು. ನೀವು ಹೊರಡಿ."

ಒಂದಾದ ಮೇಲೊಂದು ನಾಲ್ಕು ಕಾರು ಅವನನ್ನು ಬಳಸಿಕೊಂಡು ಹೋದವು, ಎಲ್ಲ ಭರ್ತಿ. ಕೊನೆಗೆ ಕಿಮ್‌ಸಾನನ ಡಬ್ಬಿ ಬಂದು ನಿಂತಿತು.

"ಹತ್ತಿ ಅಣ್ಣ. ಹಿಂದೆ ಜಾಗ ಇದೆ. ಸೀಟಿನ ಮೇಲೆ ಟವೆಲ್ ಹಾಸ್ಕೊಳ್ಳಿ, ಒದ್ದೆ ಆಗುತ್ತೆ."

ದಾರಿಯಲ್ಲಿ ಕಿಮ್‌ಸಾನ್ ಕಿಟಕಿಯ ಸುದ್ದಿ ಎತ್ತಲಿಲ್ಲ, ಮೋಟಾರಿನ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಥಿಯಾಂಹಿಗೆ ಜಗಳಕ್ಕಾದರೂ ಆಸರೆಯಾಗುತ್ತಿತ್ತು. ಜೇಬಿನಲ್ಲಿದ್ದ ಲಾಂಛನದ ಮೊನೆ ತೊಡೆಗೆ ಚುಚ್ಚುತ್ತಿತ್ತು. ಒದ್ದೆ ಬಟ್ಟೆಯ ಮುಗ್ಗು ವಾಸನೆ ತಡೆಯಲಾರದೆ ಪಕ್ಕದ ಹಿಡಿ ತಿರುಗಿಸಿ ಗಾಜು ಇಳಿಸಿಕೊಂಡ.

ಹತ್ತು ಗಂಟೆಗೆ ಸರಿಯಾಗಿ ಸಾಲು ಮಾರುಕಟ್ಟೆ ಬೀದಿಗೆ ಹೊಕ್ಕಿತು. ಮುಂದುಗಡೆ ಶಿಳ್ಳೆ, ನಗು, ಚಪ್ಪಾಳೆ ಕೇಳಿಸಿತು. ಮದುಮಗಳೇ ಕಾರು ಓಡಿಸಿಕೊಂಡು ಬರುವುದನ್ನು ಹೂವೇಯ್ ಅದುವರೆಗೆ ಕಂಡಿರಲಿಲ್ಲ. ಥಿಯಾಂಹಿ ಕತ್ತು ಚಾಚಿ ನೋಡಿದ. ದೂರದಲ್ಲಿ ತನ್ನ ಕಾರಿನ ಕಿಟಕಿಯಿಂದ ಬಿಳಿ ಕೈಗವಸು ತೊಟ್ಟ ಮೊಣಕೈಯೊಂದು ಹೊರಗಿತ್ತು.

ಶ್ಯಾವಿಗೆ ಅಂಗಡಿಯ ಮುಂದೆ ಗೆಳೆಯರೆಲ್ಲ ಮಾತು ಕೊಟ್ಟ ಹಾಗೆ ಎದ್ದು ನಿಂತು ಕಾದಿದ್ದರು. ಕೊನೆಯ ಕಾರು ಮುಂದೆ ಹಾಯುವಾಗ ಒಬ್ಬ ಬಗ್ಗಿ ಇಣುಕಿದ.

"ಲೋ ಥಿಯಾಂಹಿ, ನಿನ್ನ ಕಾರು ಆಗಲೇ ಹೋಯ್ತಲ್ಲೋ. ಈ ಡಬ್ಬೀಲಿ ಏನ್ ಮಾಡ್ತಿದ್ದೀಯ? ಪ್ಯಾಂಟು ಯಾಕೋ ಒದ್ದೆ?"

ಥಿಯಾಂಹಿ ಹಿಡಿಗೆ ಕೈ ಹಾಕಿ ತಿರುಗಿಸಿದ. ಗಾಜು ಎಲ್ಲೂ ಸಿಕ್ಕಿಕೊಳ್ಳದೆ, ಸದ್ದಿಲ್ಲದೆ, ಕೊನೆಯವರೆಗೂ ಏರಿತು.