ಅಳಿಯನ ಕಾರ್ಡು, ನಮ್ಮ ಮನೆಯ ಫ್ರಿಜ್ಜು

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಯಾರೋ ಬಾಗಿಲು ತಟ್ಟಿದರು. ಹಡಪಸರದ ನಮ್ಮ ಸಾಲುಮನೆಗಳ ಚಾಳಿನಲ್ಲಿ ಬಾಗಿಲು ತಟ್ಟುವ ರೂಢಿ ಇಲ್ಲ, ದೂರದಿಂದಲೇ ಕೂಗಿಕೊಂಡು ಬರುತ್ತಾರೆ. ತೆರೆದರೆ ಇಸ್ತ್ರಿ ಅಂಗಿ ಹಾಕಿದ ಇಬ್ಬರು ನಿಂತಿದ್ದರು. ಒಬ್ಬ ನನ್ನ ಅಳಿಯನ, ಅಂದರೆ ಅಕ್ಕನ ಮಗನ, ಪೂರ್ತಿ ಹೆಸರು ಹೇಳಿ ಅವನು ಇಲ್ಲೇ ಇರುವುದಾ ಎಂದು ಮರಾಠಿಯಲ್ಲಿ ಕೇಳಿದ.

ಅಳಿಯ ಇರುವುದು ರಾಂಜಣಗಾಂವದಲ್ಲಿ, ನಮ್ಮ ಊರ ಕಡೆಯ ನಾಲ್ವರ ಜೊತೆ ಒಂದೇ ಬಾಡಿಗೆ ಖೋಲಿಯಲ್ಲಿ. ಅಲ್ಲಿ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ಕೆಲಸ. ಅದೇ ವಾರ ಅವನನ್ನು ಕಾಯಂ ಮಾಡುವ ಮಾತಿತ್ತು. ಕ್ರೆಡಿಟ್ ಕಾರ್ಡಿನ ಅರ್ಜಿಯಲ್ಲಿ ಮಾತ್ರ ನಮ್ಮ ಮನೆಯ ವಿಳಾಸ ಕೊಟ್ಟಿದ್ದ. ಈಗ ರಜೆಯ ಊಟಕ್ಕೆ ಬಂದು ನನ್ನ ಬೆನ್ನ ಹಿಂದೆಯೇ, ಕೈಯಲ್ಲಿ ರೊಟ್ಟಿ ಹಿಡಿದು ಕೂತಿದ್ದ.

"ಕಾಕಾ, ಎರಡು ತಿಂಗಳಿಂದ ಕಾರ್ಡಿನ ಬಿಲ್ಲು ಕಟ್ಟಿಲ್ಲ," ಅಂದ ಬಂದವನು. ದನಿ ಏರಿಸಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. "ನಾಳೆ ಕಂಪನಿ ಗೇಟಿಗೆ ಬರುತ್ತೇವೆ. ಇವನ ಸಾಹೇಬರನ್ನೇ ಕೇಳುತ್ತೇವೆ."

ಅವರು ಹೋದ ಮೇಲೆ ಬಾಗಿಲು ಹಾಕಿ ಅಳಿಯನ ಮುಂದೆ ನಿಂತೆ.

"ಏನ್ ತಗೊಂಡಿಯೋ ಅಷ್ಟು?"

"ನಂದು ಒಂದ ಫೋನ್ ಮಾಮಾ. ಉಳಿದದ್ದೆಲ್ಲಾ ಖೋಲಿಯವರದು. ಅವರಿಗೆ ಕಾರ್ಡ್ ಸಿಗಲಿಲ್ಲ, ನನಗ ಸಿಕ್ಕಿತ್ತು."

ನಮ್ಮವರಲ್ಲಿ ಭಿಶಿ ಹಾಕುವುದುಂಟು. ತಿಂಗಳಿಗೊಮ್ಮೆ ಎಲ್ಲರೂ ಇಷ್ಟಿಷ್ಟು ಹಾಕುತ್ತಾರೆ, ಒಟ್ಟಾದದ್ದನ್ನು ಸರದಿಯಂತೆ ಒಬ್ಬರು ಎತ್ತುತ್ತಾರೆ. ಒಬ್ಬನಿಗೆ ಅಡಚಣೆಯಾದರೆ ಭಿಶಿಯ ಮುಖ್ಯಸ್ಥ ಬೈದುಕೊಂಡೇ ಒಂದು ತಿಂಗಳು ತಡೆಯುತ್ತಾನೆ. ಈ ಹುಡುಗರು ಕಾರ್ಡನ್ನೂ ಹಾಗೇ ನಡೆಸಿದ್ದರು. ಎಲ್ಲರೂ ಇವನ ಕಾರ್ಡಿನಲ್ಲಿ ಕೊಂಡು, ಪಗಾರದ ದಿನ ಇವನ ಕೈಗೆ ದುಡ್ಡು ಕೊಡುವುದು. ಇಬ್ಬರ ಕೆಲಸ ಹೋಯಿತು, ಊರಿಗೆ ಹೋದರು. ಮುಂದಿನ ತಿಂಗಳು ಕೂಡಿಸಿ ಕೊಡುತ್ತೇವೆ ಅಂದರು. ಇವನು ಆಯಿತು ಅಂದ. ಬ್ಯಾಂಕು ಆಯಿತು ಅನ್ನಲಿಲ್ಲ.

"ಕೈಯಾಗ ರೊಕ್ಕ ಇಲ್ಲದಾಗ ಶೋಕಿ ಯಾಕ ಬೇಕು ನಿಮಗ? ಬುದ್ಧಿ ಅದ ಏನು?" ಎಂದು ನಾನು ಶುರು ಮಾಡಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನನಗೆ ಇನ್ನೂ ಹುರುಪು ಬಂದು ದನಿ ಏರಿಸಿದೆ.

ಹೆಂಡತಿ ತಾಟು ಎತ್ತುತ್ತಿದ್ದವಳು ನಿಂತಳು. "ರೀ, ನಮ್ಮ ಫ್ರಿಜ್ ಯಾರ ಕಾರ್ಡಿನ ಮ್ಯಾಲ ಬಂತ್ರಿ?"

ನಾನು ಫ್ರಿಜ್ಜಿನ ಕಡೆ ನೋಡಿದೆ. ಅವಳು ಬಿಡಲಿಲ್ಲ.

"ಎರಡ ತಿಂಗಳಾತು ಅವಗ ನೀವು ಒಂದ ರೂಪಾಯಿ ಕೊಟ್ಟಿಲ್ಲ. ಹತ್ತನೇ ಇಯತ್ತೆ ಪಾಸಾದ ಶಾಣ್ಯಾ ನೀವು, ಅವಗ ಬುದ್ಧಿ ಹೇಳಾಕ ಹತ್ತೀರಿ!"

ಮೂವತ್ತಾರನೇ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಪಾಸಾದವನು ನಾನು. ಚಾಳಿನಲ್ಲಿ ಯಾರಿಗೆ ಕಾಗದ ಬಂದರೂ ಓದಿ ಹೇಳುತ್ತೇನೆ. ಆದರೆ ಅಳಿಯನ ಕಾರ್ಡಿನ ಬಿಲ್ಲು ತೋರಿಸು ಎಂದು ಒಂದು ಸಲವೂ ಕೇಳಿರಲಿಲ್ಲ. ಮಗಳ ಶಾಲೆಯ ಫೀ ಬಂದಾಗ, "ಮುಂದಿನ ತಿಂಗಳು ಕೂಡಿಸಿ ಕೊಡ್ತೀನೋ ತಮ್ಮಾ," ಅಂದಿದ್ದೆ. ಊರಿಗೆ ಹೋದ ಆ ಇಬ್ಬರು ಹೇಳಿದ್ದ ಮಾತೇ. ನಾನು ಮಾಮ, ಅವನಿಗೆ ನನ್ನನ್ನು ಮತ್ತೆ ಕೇಳುವ ಬಾಯಿ ಎಲ್ಲಿಂದ ಬರಬೇಕು?

ಸೋಮವಾರ ಬೆಳಿಗ್ಗೆ ಹೆಂಡತಿ ಮಗಳಿಗೆಂದು ಕೂಡಿಟ್ಟ ದುಡ್ಡು ತೆಗೆದು ನನ್ನ ಕೈಗಿಟ್ಟಳು. ನಮ್ಮ ಪಾಲು ತೀರುವಷ್ಟಿತ್ತು, ಪೂರ್ತಿ ಬಿಲ್ಲಿಗೆ ಸಾಲದು. ವಸೂಲಿಯವರಿಗಿಂತ ಮೊದಲು ನಾವೇ ಹೋಗಿ ಸಾಹೇಬರಿಗೆ ಹೇಳೋಣ ಎಂದು ಅಳಿಯನ ಜೊತೆ ಹೊರಟೆ. ಬಸ್ಸು ಒಂದೊಂದು ಸಿಗ್ನಲ್ಲಿಗೆ ನಿಂತಾಗಲೂ ಅವನು ವಸೂಲಿಯವರು ಮುಂದೆ ಹೋದರೇನೋ ಎಂದು ಕಿಟಕಿಯಿಂದ ಬೈಕುಗಳನ್ನು ನೋಡುತ್ತಿದ್ದ. ಗೇಟಿನ ಹತ್ತಿರ ಇಳಿದಾಗ ಅವರಿನ್ನೂ ಬಂದಿರಲಿಲ್ಲ.

"ನೀ ಹೊರಗ ನಿಲ್ಲು ಮಾಮಾ, ನಾ ಹೇಳ್ತೀನಿ."

"ನಂದೂ ಅದರಾಗ ಅದ ಅಲ್ಲೋ. ನಡಿ."

ಸಾಹೇಬರು ನಿಂತೇ ಕೇಳಿದರು. ಮರಾಠಿಯಲ್ಲಿ, "ಸಾಲ ಯಾರದು?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅವನು, "ನನ್ನದು. ಸಹಿ ನನ್ನದು," ಅಂದ. ಆಮೇಲೆ ನಾನು ಫ್ರಿಜ್ಜಿನ ವಿಷಯ ಹೇಳಿದೆ. ಸಾಹೇಬರು ನನ್ನನ್ನು ಒಮ್ಮೆ ನೋಡಿದರು. ಉಳಿದದ್ದಕ್ಕೆ ಕಂತು ಮಾಡಿಸಿ ಬ್ಯಾಂಕಿನ ಕಾಗದ ತಂದು ಕೊಡಿ, ಅಲ್ಲಿಯವರೆಗೆ ಕಾಯಂ ಮಾಡುವ ಮಾತು ಬೇಡ ಅಂದರು. ಅವತ್ತೇ ಬ್ಯಾಂಕಿಗೆ ಹೋಗಿ ನಮ್ಮ ಪಾಲು ಕಟ್ಟಿದೆವು. ಕಂತಿನ ಕಾಗದ ಕೈಗೆ ಬರಲು ಹತ್ತು ದಿನ ಅಂದರು.

ಶುಕ್ರವಾರ ಅಳಿಯ ಫೋನ್ ಮಾಡಿದ. ಹಿಂದೆ ಮಷೀನಿನ ಸದ್ದು.

"ಕಾಯಂ ಆದವರ ಲಿಸ್ಟ್ ಹಚ್ಯಾರ ಮಾಮಾ. ನನ್ನ ಹೆಸರಿಲ್ಲ."

ಬ್ಯಾಂಕಿನ ಕಾಗದ ಬರಲು ಇನ್ನೂ ಆರು ದಿನವಿತ್ತು.

"ಇರಲಿ ಬಿಡು, ಆರು ತಿಂಗಳಿಗೆ ಮತ್ತ ಹಚ್ತಾರಂತ," ಅಂದ. ಸಮಾಧಾನ ಹೇಳಬೇಕಾದವನು ನಾನು. ಅವನೇ ನನಗೆ ಹೇಳುತ್ತಿದ್ದ.